ಹಬ್ಬದ ಡ್ಯೂಟಿ

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರು ಲೈನ್‌ಮ್ಯಾನ್ ಅರ್ಷದ್ ಹೊಸ ಜುಬ್ಬಾ ತೊಟ್ಟು, ಮಗಳು ಮುಬಶಿರಾಳ ಕೈಹಿಡಿದು ನಿಂತದ್ದು ಕಂಡು ಗಗನಾಳಿಗೆ ಖುಷಿಯೇ ಆಯಿತು. ವಿದ್ಯುತ್ ಕಚೇರಿಯ ಹೊಸ ಇಂಜಿನಿಯರ್ ಅವಳು. ಬಸರೀಕಟ್ಟೆ ಕಡೆ ತಂತಿ ತುಂಡಾಗಿ, ರಂಜಾನ್ ಹಬ್ಬದ ದಿನವೇ ಕರೆಂಟ್ ಇಲ್ಲವೆಂದು ಜನ ಬೆಳಗ್ಗಿನಿಂದ ಫೋನಿನಲ್ಲಿ ಬೈಯುತ್ತಿದ್ದರು. ಇವತ್ತಿನ ಡ್ಯೂಟಿ ಅರ್ಷದನದು. ಅವನೇ ಇಲ್ಲಿದ್ದಾನೆಂದರೆ ದುರಸ್ತಿ ಮುಗಿದಿರಲೇಬೇಕು.

ಜೀಪಿನಿಂದ ಇಳಿಯುತ್ತಲೇ ಸಬ್‌ಸ್ಟೇಷನ್ನಿನ ಆಪರೇಟರಿಗೆ ಫೋನ್ ಮಾಡಿದಳು. "ಮಾಲತಿ, ಬಸರೀಕಟ್ಟೆ ಲೈನ್ ಚಾರ್ಜ್ ಮಾಡಿ, ಕರೆಂಟ್ ಬಿಡಿ. ಅರ್ಷದ್ ಬಂದಾಯ್ತು."

ತನ್ನ ಹೆಸರು ಕೇಳಿ ತಿರುಗಿದ ಅರ್ಷದನ ಮುಖ ಬಿಳಿಚಿಕೊಂಡಿತು. ಮಗಳ ಕೈ ಬಿಟ್ಟು ಓಡಿ ಬಂದ. "ಬೇಡ ಮೇಡಂ, ಬೇಡ. ಕಂಬದ ಮೇಲೆ ಗುರುಕಿರಣ ಇದಾನೆ."

"ಮಾಲತಿ, ಮಾಡ್ಬೇಡಿ!" ತನ್ನ ದನಿ ಗಗನಾಳಿಗೇ ಗುರುತು ಸಿಗಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ ಮಾಲತಿ ಕೇಳಿದಳು: "ಇನ್ನೂ ಸ್ವಿಚ್ ಹತ್ರ ಹೋಗಿಲ್ಲ ಮೇಡಂ. ಎಂತ ಆಯ್ತು?"

ಗಗನಾ ಜೀಪಿನ ಬಾಗಿಲು ಹಿಡಿದುಕೊಂಡಳು. ಹೋದ ಜೀವ ಬಂದಂತಾಯಿತು.

ರಂಜಾನಿಗೆ ಇನ್ನೊಬ್ಬ ಲೈನ್‌ಮ್ಯಾನ್ ಗುರುಕಿರಣ, ಗೌರಿ-ಗಣೇಶ ಹಬ್ಬಕ್ಕೆ ಅರ್ಷದ್ ದುಡಿಯುವುದು ಈ ಕಚೇರಿಯ ಹಳೆಯ ರೂಢಿ. ಯಾವ ಹಬ್ಬದಲ್ಲೂ ಊರು ಕತ್ತಲಲ್ಲಿ ಕೂತದ್ದಿಲ್ಲ. ಸಿಬ್ಬಂದಿಯೆಲ್ಲ ಸಮಾನರು ಎಂದು ತರಬೇತಿಯಲ್ಲಿ ಕಲಿತು ಬಂದ ಗಗನಾ, ಧರ್ಮ ನೋಡಿ ಡ್ಯೂಟಿ ಹಂಚುವುದು ತಪ್ಪೆಂದು ಅದನ್ನು ನಿಲ್ಲಿಸಿದ್ದಳು. ಇಬ್ಬರೂ ವಿನಯದಿಂದ "ಆಯ್ತು ಮೇಡಂ" ಎಂದಿದ್ದರು. ಸಾಹೇಬರು ಚಾಪೆ ಕೆಳಗೆ ತೂರಿದರೆ ಸಿಬ್ಬಂದಿ ರಂಗೋಲಿ ಕೆಳಗೆ ತೂರದೆ ಇರುತ್ತಾರೆಯೇ?

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಬದಲಿ ಕೇಳ್ಲೇಬೇಡಿ ಅಂದಿದ್ರಲ್ಲ ಮೇಡಂ." ಅರ್ಷದ್ ತಲೆ ತಗ್ಗಿಸಿದ. "ನನ್ನ ಹೆಸರಲ್ಲೇ ಕೆಲಸ ಮಾಡು ಮಾರಾಯ ಅಂತ ಅವನಿಗೆ ಹೇಳಿದ್ದು ನಾನೇ. ತಪ್ಪು ನಂದು."

"ಅರ್ಧ ನಂದು," ಎಂದಳು ಗಗನಾ. ಆದರೂ ಮನಸ್ಸು ನಿಲ್ಲಲಿಲ್ಲ. ಆ ದಿನದ ಡ್ಯೂಟಿಯವನ ಬಳಿ ಇರುವ ಕಚೇರಿಯ ಫೋನಿಗೆ ರಿಂಗ್ ಮಾಡಿದಳು. ಅದು ತುಂಬ ಹೊತ್ತು ಹೊಡೆದುಕೊಂಡಿತು. ಕೊನೆಗೆ ಗಾಳಿಯ ಸದ್ದಿನ ನಡುವೆ ಶೃಂಗೇರಿ ಕಡೆಯ ಗುರುಕಿರಣನ ಸಣ್ಣ ದನಿ, ಆದಷ್ಟೂ ದಪ್ಪ ಮಾಡಿಕೊಂಡು ಕೇಳಿಸಿತು:

"ಹಲೋ ಮೇಡಂ, ನಾನು ಅರ್ಷದ್. ಕಂಬದ ಮೇಲಿದೀನಿ. ಇನ್ನೊಂದು ಕಡೆ ತಂತಿ ಬಿಗಿದ್ರೆ ಮುಗೀತು."

ಎದುರಿಗಿದ್ದ ಅರ್ಷದ್ ಹಣೆ ಚಚ್ಚಿಕೊಂಡ. ಗಗನಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಸುಳ್ಳು ಹೇಳುವಷ್ಟು ಗಟ್ಟಿಯಾಗಿದ್ದಾನೆ, ಅಷ್ಟು ಸಾಕು.

"ಅರ್ಷದ್," ಎಂದಳು ಫೋನಿಗೆ, "ಹಬ್ಬದ ಶುಭಾಶಯ. ನಿಧಾನಕ್ಕೆ ಇಳೀರಿ."



"ನಿಮಗೂ ಮೇಡಂ," ಎಂದ, ಕಂಬದ ಮೇಲಿನ ಅರ್ಷದ್.