ಪವಿತ್ರಾಳ ದಿಬ್ಬಣ

ದಿಬ್ಬಣ ತೆಂಗಿನ ತೋಪು ದಾಟಿ ಇನ್ನೇನು ಕಡಲ ದಡಕ್ಕೆ ಇಳಿಯಬೇಕು, ಮೂರನೆಯ ಸಲವೂ ಟಿವಿಯಲ್ಲಿ ಚಿತ್ರ ಅಲ್ಲಿಗೇ ನಿಂತುಹೋಯಿತು. ಮದುಮಗಳು ಪವಿತ್ರಾಳ ಸೆರಗು ಹಾರಿದಲ್ಲೇ ಉಳಿಯಿತು. ಅದರ ಮೇಲೆ ಸಣ್ಣದೊಂದು ಬಿಳಿ ಚಕ್ರ ಸುಮ್ಮನೆ ಸುತ್ತತೊಡಗಿತು. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಮಾತ್ರ ಎಲ್ಲರೂ ನೀರಿನಡಿ ಕುಳಿತಂತೆ ನೀಲಿಯಾಗಿ ಕಾಣುತ್ತಿದ್ದರು.

“ಇದೇನಾ ನಿಮ್ಮ ಸಾಕ್ಷಿ?” ಅಳತೆಗೆ ಬಂದ ಅಧಿಕಾರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದರು. ತೊಡೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಪೆನ್ನು. “ನೋಡಮ್ಮ, ರಸ್ತೆ ಹೋಗೋ ಕಡೆ ಮೀನು ಒಣಗಿಸ್ತಿದ್ವಿ ಅಂತೀರಿ. ನನ್ನ ಕಾಗದದಲ್ಲಿ ಅದು ಖಾಲಿ ಜಾಗ. ಇನ್ನು ಹತ್ತೇ ನಿಮಿಷ. ಆಮೇಲೆ ಹಾಗೇ ಬರ್ಕೊಂಡು ಹೊರಡ್ತೀನಿ.”

ದೇವಿ ಗೋಡೆಗೆ ಒರಗಿ ನಿಂತಿದ್ದಳು. ಅವಳು, ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲ ಮೀನು ಹರವಿದ ಮರಳು ಅದು. ಹೋದ ತಿಂಗಳು ಟಿಪ್ಪರುಗಳು ಬಂದು ಅದರ ಮೇಲೆ ಕೆಂಪುಮಣ್ಣು ಸುರಿದವು. ಮೊದಲು ಹೂತರು, ಆಮೇಲೆ ಅಳೆಯಲು ಬಂದರು. ಮನುಷ್ಯರು ನಿಂತ ಜಾಗಕ್ಕೆ ಕಾಗದದ ಸಾಕ್ಷಿ ಬೇಕು. ಕಾಗದಕ್ಕೆ ಮಾತ್ರ ಯಾರ ಸಾಕ್ಷಿಯೂ ಬೇಡ. ಉಳಿದದ್ದು ಈ ವೀಡಿಯೊ ಒಂದೇ. ಎಂಟು ವರ್ಷದ ಹಿಂದೆ ಮಗಳು ದಿವ್ಯಶ್ರೀ ಮೊದಲ ಸಲ ಕ್ಯಾಮರಾ ಹಿಡಿದು ತೆಗೆದ ಮದುವೆ. ಕೇರಿಯ ಮದುವೆಗಳೆಲ್ಲ ಈಗ ಒಳಕೋಣೆಯ ಕಂಪ್ಯೂಟರಿನಲ್ಲಿವೆ. ದಿವ್ಯಶ್ರೀ ಅದನ್ನು ಸರ್ವರ್ ಎನ್ನುತ್ತಾಳೆ. ಬೇಕೆಂದಾಗ ವೈಫೈಯಲ್ಲಿ ಹರಿದು ಬಂದು ಟಿವಿಯಲ್ಲಿ ಮೂಡುತ್ತವೆ.

ದಿವ್ಯಶ್ರೀ ವೈಫೈ ಆರಿಸಿ ಹಚ್ಚಿದಳು. ವೈಫೈ ಡಬ್ಬಿಯಿಂದ ಟಿವಿಗೆ ನೇರ ವೈರು ಎಳೆದಳು. ಚಿತ್ರದ ಗುಣಮಟ್ಟ ಇಳಿಸಿ ನೋಡಿದಳು. ದಿಬ್ಬಣ ತೋಪು ದಾಟಲಿಲ್ಲ.

“ಎಂತ ಆತೇ ಇದಕ್ಕೆ?”

“ಈ ಟಿವಿ ಹಳೇದು ಅಮ್ಮ, ಫೈಲು ಇದ್ದ ಹಂಗೆ ತಕಳೂದಿಲ್ಲ. ಮಕ್ಕಳಿಗೆ ಮುಳ್ಳು ಬಿಡಿಸಿ ಮೀನು ಕೊಡ್ತ್ರಲ, ಹಂಗೆ ಸರ್ವರ್ ಬಿಡಿಸಿ ಬಿಡಿಸಿ ಕೊಡಬೇಕು. ಅದೇ ಸೋಲ್ತಾ ಇದ್ದಂಗೆ ಕಾಣ್ತದೆ.” ದಿವ್ಯಶ್ರೀ ಒಳಕೋಣೆಗೆ ಇಣುಕಿದಳು. ವಾರವಿಡೀ ಭಟ್ಕಳದಲ್ಲಿ ಮದುವೆಯೊಂದರ ವೀಡಿಯೊ ತೆಗೆಯುತ್ತಿದ್ದು ಆಗಷ್ಟೇ ಬಂದಿದ್ದಳು. “ಸರ್ವರ್ ಎಲ್ಲಿ? ಮೇಜಿನ ಮೇಲೆ ಇಲ್ವಲ!”

ದೇವಿ ಸೆರಗಿನ ತುದಿ ಸುತ್ತಿದಳು. “ಉಪ್ಪುಗಾಳಿಗೆ ಅದರ ಸ್ಕ್ರೂ ಎಲ್ಲ ತುಕ್ಕು ಹಿಡೀತಿತ್ತು. ತಂಪಾಗಿರ್ಲಿ ಅಂತ ಮೀನಿನ ಪೆಟ್ಟಿಗೆಯಲ್ಲಿ ಇಟ್ಟೆ.”

“ಥರ್ಮಾಕೋಲ್ ಪೆಟ್ಟಿಗೆಯಲ್ಲಾ? ಮುಚ್ಚಳ ಹಾಕಿ?”

“ವೈರಿಗೆ ತೂತು ಮಾಡಿದ್ನಲೇ.”

“ಐಸ್ ಸುರೀಲಿಲ್ಲ, ಪುಣ್ಯ ನಂದು!”

ಮುಚ್ಚಳ ತೆಗೆದಾಗ ಬಿಸಿ ಉಸಿರು ಮುಖಕ್ಕೆ ಬಡಿಯಿತು, ಬಂಗುಡೆಯ ಹಳೆಯ ವಾಸನೆಯೊಂದಿಗೆ. ಐಸಿದ್ದರೆ ತಂಪು ಕಾಯುವ ಪೆಟ್ಟಿಗೆ, ಐಸಿಲ್ಲದಿದ್ದರೆ ಕಾವನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆಂದು ದೇವಿಗೆ ಆಗ ಹೊಳೆಯಿತು. ಜ್ವರದ ಕೂಸನ್ನು ಎತ್ತಿದಂತೆ ಸರ್ವರನ್ನು ಎತ್ತಿ ಮೇಜಿಗಿಟ್ಟಳು. ಮೊರ ತಂದು ಬೀಸಿದಳು. ತೋಳು ಸೋತರೂ ಬೀಸಿದಳು.

“ಟೈಮ್ ಆಯ್ತಮ್ಮ,” ಹೊರಕೋಣೆಯಿಂದ ಅಧಿಕಾರಿಯ ದನಿ ಬಂತು. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಬಂತು.

“ಈಗ ಹಾಕು ಮಗಾ,” ಎನ್ನುತ್ತ ದೇವಿ ಮೊರ ಹಿಡಿದೇ ಟಿವಿಯ ಮುಂದೆ ಬಂದಳು.

ದಿಬ್ಬಣ ನಡೆಯಿತು. ತೋಪಿನ ನೆರಳು ಪವಿತ್ರಾಳ ಬೆನ್ನಿನಿಂದ ಮೆಲ್ಲಗೆ ಜಾರಿ ಹೋಯಿತು. ದಡ ತೆರೆದುಕೊಂಡಿತು, ಇಡೀ ಗೋಡೆಯೇ ಕರಗಿ ಆ ಕಡೆ ಹೋದಂತೆ. ಟಿವಿಯ ಕಡಲೂ ಮನೆ ಹಿಂದಿನ ಕಡಲೂ ಒಂದೇ ದನಿಯಲ್ಲಿ ಮೊರೆಯುತ್ತಿದ್ದವು. ಯಾವುದು ಯಾವುದೆಂದು ತಿಳಿಯದೆ ದೇವಿ ಕಣ್ಣು ಕಿರಿದು ಮಾಡಿದಳು. ಎಲ್ಲಿ ನೋಡಿದರೂ ಮೀನು. ಚಾಪೆಯ ಮೇಲೆ, ಬಲೆಯ ಮೇಲೆ, ಬರಿಯ ಮರಳಿನ ಮೇಲೆ ಬೆಳ್ಳಿಯ ಬಿಸಿಲು ಹರವಿದ ಹಾಗೆ. ಕ್ಯಾಮರಾ ಮೈಮರೆತು ಅದರ ನಡುವೆಯೇ ನಡೆದುಬಿಟ್ಟಿತು. ಆಗ ಎಡಗಡೆಯಿಂದ, ಸೀರೆ ಎತ್ತಿ ಕಟ್ಟಿದ ಮುದುಕಿಯೊಬ್ಬಳು ಕೈ ಬೀಸುತ್ತ ಎದುರಿಗೇ ಓಡಿಬಂದಳು. ಬಂಗಾರಿ. ದೇವಿಯ ಅತ್ತೆ. ತೀರಿಕೊಂಡು ನಾಲ್ಕು ವರ್ಷ.

“ಏಯ್, ಕಾಲು ತೆಗಿ! ಮೀನು ಕಾಣೂದಿಲ್ವಾ ಕಣ್ಣಿಗೆ?”

ಕುರ್ಚಿಯಲ್ಲಿದ್ದ ಅಧಿಕಾರಿ ಬೂಟು ಹಾಕಿದ ಎರಡೂ ಕಾಲುಗಳನ್ನು ಥಟ್ಟನೆ ನೆಲದಿಂದ ಮೇಲೆತ್ತಿದರು.