ಒಪ್ಪಂದ ಮುಗಿದ ದಿನ

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥೆ ವಾರಿಜಾಕ್ಷಿಯ ಎದುರು ಪ್ರೊಫೆಸರ್ ಗುರುಪಾದಯ್ಯ ಬಂದು ಕೂತರು. ಮಕ್ಕಳ ಸ್ನಾಯು ಸೊರಗುವ ಕಾಯಿಲೆಗೆ ಅವರು ನಡೆಸುತ್ತಿದ್ದ ಔಷಧಿ ಪ್ರಯೋಗಕ್ಕೆ ಸರ್ಕಾರದೊಂದಿಗಿದ್ದ ಒಪ್ಪಂದ ಅಂದಿಗೆ ಮುಗಿದಿತ್ತು. ಮುಂದುವರಿಸಲು ದೆಹಲಿಯವರು ಒಪ್ಪಿರಲಿಲ್ಲ.

“ಔಷಧಿ ಫ್ರಿಜ್‌ನಲ್ಲೇ ಇದೆ ಮೇಡಂ. ಇನ್ನೂ ಆರು ತಿಂಗಳಿಗೆ ಸಾಕಾಗತ್ತೆ. ಕೊಡೋಕೆ ಬಿಟ್ರೆ ಸಾಕು.”

“ಒಪ್ಪಂದ ಇಲ್ದೆ ಒಂದು ಸೂಜಿನೂ ಚುಚ್ಚೋ ಹಾಗಿಲ್ಲ ಸರ್. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆ ಯಾರು?”

“ನಿಲ್ಲಿಸಿದ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ಲ. ಈಗ ಓಡಾಡ್ತಿರೋ ಮಕ್ಕಳು ಮತ್ತೆ ಹಾಸಿಗೆ ಹಿಡೀತಾರೆ.”

“ಗೊತ್ತು.”

ಆಕೆಯ ದನಿಯಲ್ಲಿ ಏರಿಳಿತವಿರಲಿಲ್ಲ. ಪ್ರಯೋಗ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಅವರ ಕಡೆಗೆ ಸರಿಸಿದಳು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ಬೆರಳಿಟ್ಟಿದ್ದಳು. ಪ್ರೊಫೆಸರ್ ಮೆಲ್ಲಗೆ ಎಳೆದುಕೊಂಡಾಗಲೇ ಕೈ ತೆಗೆದದ್ದು.

ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

“ಉಳಿದ ಮಕ್ಕಳ ಮನೆಗೆಲ್ಲ ನಾನು ಫೋನ್ ಮಾಡ್ತೀನಿ ಮೇಡಂ,” ಎಂದರು. “ನಿಮ್ಮ ಮಗಳಿಗೆ ನೀವೇ ಹೇಳ್ತೀರಾ?”