ಅವ್ವನ ಮೂರನೆಯ ಸಾಲು

ಶಾರ್ವರಿ ಸಂವತ್ಸರದ ಭಾದ್ರಪದ ಶುಕ್ಲ ಬಿದಿಗೆ, ಗೌರಿಹಬ್ಬದ ಮುನ್ನಾದಿನ. ತಿಥಿಯನ್ನು ಅಂದಿನ ಪಂಚಾಂಗದಲ್ಲಿ ನೋಡಿಕೊಂಡಿದ್ದೇನೆ. ಆಗತಾನೆ ಬೀಸಿದ ರಾಗಿಹಿಟ್ಟಿನ ವಾಸನೆಗೆ ಈಗಲೂ ಆ ಮಧ್ಯಾಹ್ನವೇ ಎದುರು ನಿಲ್ಲುತ್ತದೆ.

ಅವ್ವ ಅದಾಗಲೇ ತೀರಿಕೊಂಡಿದ್ದಳೆಂದು ನನ್ನ ನೆನಪು. ಮರಳವಾಡಿಯ ಮನೆಯಲ್ಲಿ ಅಜ್ಜಿ ಒಬ್ಬಳೇ ರಾಗಿಕಲ್ಲು ತಿರುಗಿಸುತ್ತ ತ್ರಿಪದಿ ಹಾಡುತ್ತಿದ್ದಳು. ಮೊದಲೆರಡು ಸಾಲು ಅಜ್ಜಿಯದು, ಮೂರನೆಯದು ಎದುರು ಕೂತು ಬೀಸುವ ಅವ್ವನದು. ಅದು ಅವರ ರೂಢಿ. ಅಂದು ಎರಡು ಸಾಲಾದ ಮೇಲೆ ಬರಿಯ ಕಲ್ಲಿನ ಸದ್ದು ಕೇಳುತ್ತಿತ್ತು. ತಾಳಲಾರದೆ ನಾನೇ ಮೂರನೆಯದನ್ನು ಎತ್ತಿಕೊಂಡೆ.

ಅಜ್ಜಿಯ ಕೈ ಗೂಟದ ಮೇಲೆಯೇ ನಿಂತಿತು. "ಬುಟ್ಬುಡು ಮಗ, ಅದು ನಿಮ್ಮವ್ವಂದು. ಅವ್ಳೇ ಹೇಳ್ಬೇಕು."

ಕನಕಪುರದ ಆಸ್ಪತ್ರೆಯ ದಾಖಲೆ ನನ್ನ ನೆನಪನ್ನು ಒಪ್ಪುವುದಿಲ್ಲ. ಅದರಂತೆ ಅವ್ವ ತೀರಿಕೊಂಡದ್ದು ಹಬ್ಬದ ಮರುವಾರ. ಆ ಮಧ್ಯಾಹ್ನ ಅವಳಿನ್ನೂ ಅಲ್ಲಿ ಉಸಿರಾಡುತ್ತಿದ್ದಳು.